ಜೇಬು ಪಿಸ್ತೂಲು ಕೈಕೊಟ್ಟರೆ: 6.35 ಮತ್ತು 7.65 ಮಿ.ಮೀ. ಹಳೆಯ ಪಿಸ್ತೂಲುಗಳ ದೋಷ ಪತ್ತೆ

ತೋಟೆ ಸಿಕ್ಕಿಕೊಂಡ ಕೂಡಲೇ ಸ್ಲೈಡ್ (ನಳಿಗೆಯ ಮೇಲೆ ಹಿಂದೆ ಮುಂದೆ ಜಾರುವ ಲೋಹದ ಭಾಗ) ಜಗ್ಗಿ ಅದನ್ನು ಬೀಳಿಸಿಬಿಡುವುದು ಸಾಮಾನ್ಯವಾಗಿ ಎಲ್ಲರಿಗೂ ಇರುವ ಅಭ್ಯಾಸ. ದೋಷದ ಸುಳಿವೂ ಆ ತೋಟೆಯ ಜೊತೆಗೇ ಬಿದ್ದುಹೋಗುತ್ತದೆ. ಪಿಸ್ತೂಲಿನ ಬಾಯಿಯನ್ನು ಗುರಿಯ ದಿಕ್ಕಿಗೇ ಇಟ್ಟುಕೊಂಡು, ಟ್ರಿಗರಿನಿಂದ ಬೆರಳು ತೆಗೆದು ಎರಡು ಕ್ಷಣ ನೋಡಿ. ತೋಟೆ ಎಲ್ಲಿ ನಿಂತಿದೆ, ಮೂತಿ ಮೇಲಿದೆಯೋ ಕೆಳಗಿದೆಯೋ, ಸ್ಲೈಡ್ ಎಷ್ಟು ಮುಚ್ಚಿದೆ, ತೋಟೆ ತುಂಬುವ ಡಬ್ಬಿಯಾದ ಮ್ಯಾಗಜಿನ್ನಿನಲ್ಲಿ ಅದು ಎಷ್ಟನೆಯ ತೋಟೆ? ಈ ನಾಲ್ಕಕ್ಕೆ ಉತ್ತರ ಸಿಕ್ಕರೆ ಬಹಳಷ್ಟು ಸಲ ಪಿಸ್ತೂಲು ಬಿಚ್ಚುವ ಪ್ರಮೇಯವೇ ಬರುವುದಿಲ್ಲ.

ಇಲ್ಲಿ ಮಾದರಿಗೆ ಇಟ್ಟುಕೊಂಡಿರುವುದು ಜಾನ್ ಬ್ರೌನಿಂಗ್ ವಿನ್ಯಾಸದ ಅವಳಿಗಳನ್ನು: ಬೆಲ್ಜಿಯಂನ ಎಫ್‌ಎನ್ ಕಂಪನಿಯ 1906ರ ಮಾದರಿ ಮತ್ತು ಅಮೆರಿಕದ ಕೋಲ್ಟ್ 1908ರಿಂದ 1948ರವರೆಗೆ ತಯಾರಿಸಿದ ವೆಸ್ಟ್ ಪಾಕೆಟ್. ಎರಡೂ 6.35 ಮಿ.ಮೀ., ಅಂದರೆ .25 ಎಸಿಪಿ (ಆಟೊಮ್ಯಾಟಿಕ್ ಕೋಲ್ಟ್ ಪಿಸ್ತೂಲ್) ತೋಟೆಯವು. ಮ್ಯಾಗಜಿನ್ನಿಗೆ 6 ತೋಟೆ, ನಳಿಗೆ ಸುಮಾರು 2 ಇಂಚು, ಹೊರಗೆ ಕಾಣುವ ಹ್ಯಾಮರ್ ಇಲ್ಲ. ಒಳಗೆ ಸ್ಪ್ರಿಂಗಿನ ಬಲದಿಂದ ನೇರ ಮುಂದಕ್ಕೆ ನುಗ್ಗಿ ತೋಟೆಯ ಬುಡಕ್ಕೆ ಬಡಿಯುವ ಫೈರಿಂಗ್ ಪಿನ್ ಇದೆ. ಸ್ಪೇನಿನ ಐಬಾರ್ ಊರಿನಲ್ಲಿ ಇದರ ನಕಲುಗಳು ರಾಶಿ ರಾಶಿ ತಯಾರಾದವು. ಎಫ್‌ಎನ್ 1910, ಕೋಲ್ಟ್ 1903, ವೆಬ್ಲಿ ಮುಂತಾದ 7.65 ಮಿ.ಮೀ. ಪಿಸ್ತೂಲುಗಳಿಗೂ ಇಲ್ಲಿನ ತರ್ಕ ಹೊಂದುತ್ತದೆ. ವ್ಯತ್ಯಾಸ ಇರುವಲ್ಲಿ ಬೇರೆ ಹೇಳಿದೆ.

ಮೊದಲು ಖಾಲಿ ಮಾಡಿ

ಮ್ಯಾಗಜಿನ್ ಮೊದಲು, ಸ್ಲೈಡ್ ಆಮೇಲೆ. ತಲೆಕೆಳಗು ಮಾಡಿದರೆ ಚೇಂಬರಿನ (ನಳಿಗೆಯ ಹಿಂತುದಿಯಲ್ಲಿ ತೋಟೆ ಕೂರುವ ಜಾಗ) ತೋಟೆ ಹೊರಬಿದ್ದ ಜಾಗಕ್ಕೆ ಮ್ಯಾಗಜಿನ್ನಿನಿಂದ ಇನ್ನೊಂದು ಬಂದು ಕೂರುತ್ತದೆ. ಈ ಪಿಸ್ತೂಲುಗಳಲ್ಲಿ ಕೊನೆಯ ತೋಟೆ ಹಾರಿದ ಮೇಲೆ ಸ್ಲೈಡ್ ಹಿಂದೆ ನಿಲ್ಲುವ ವ್ಯವಸ್ಥೆ ಇಲ್ಲ. ಖಾಲಿಯಾದರೂ ತುಂಬಿದ್ದರೂ ಹೊರಗಿನಿಂದ ಒಂದೇ ಥರ ಕಾಣುತ್ತವೆ. 6.35ರ ಚೇಂಬರಿಗೆ ಕಿರುಬೆರಳೂ ಹೋಗುವುದಿಲ್ಲ. ಆದ್ದರಿಂದ ಸ್ಲೈಡ್ ಹಿಂದಕ್ಕೆ ಹಿಡಿದು, ಬೆಳಕಿಗೆ ಓರೆ ಮಾಡಿ ಕಣ್ಣಾರೆ ನೋಡಬೇಕು. ಅನುಮಾನವಿದ್ದರೆ ಖಾಲಿ ತೋಟೆ ಹೊರಬೀಳುವ ಕಿಂಡಿಯಿಂದ ಮರದ ಕಡ್ಡಿ ತೂರಿಸಿ ಮುಟ್ಟಿ ನೋಡಿ.

ಮ್ಯಾಗಜಿನ್ ತೆಗೆದ ಮಾತ್ರಕ್ಕೆ ಪಿಸ್ತೂಲು ಹಾರುವುದಿಲ್ಲ ಎಂದುಕೊಳ್ಳಬೇಡಿ. ಕೋಲ್ಟ್ ಕಂಪನಿ ಮ್ಯಾಗಜಿನ್ ಸೇಫ್ಟಿ ಸೇರಿಸಿದ್ದೇ 1916ರ ಹೊತ್ತಿಗೆ. ಅದಕ್ಕಿಂತ ಹಳೆಯವು ಮ್ಯಾಗಜಿನ್ ಇಲ್ಲದೆಯೂ ಚೇಂಬರಿನ ತೋಟೆಯನ್ನು ಹಾರಿಸುತ್ತವೆ.

ಕ್ಯಾಲಿಬರ್ (ನಳಿಗೆಯ ಅಳತೆ) ಓದಿಕೊಳ್ಳುವುದೂ ಈ ಹಂತದಲ್ಲೇ ಆಗಲಿ. ಯುರೋಪಿನ ಪಿಸ್ತೂಲಿನ ಮೇಲೆ 6.35 ಎಂದಿದ್ದರೆ .25 ಎಸಿಪಿ, 7.65 ಎಂದಿದ್ದರೆ .32 ಎಸಿಪಿ. ಎಫ್‌ಎನ್ 1910 ಒಂದೇ ಮೈಕಟ್ಟಿನಲ್ಲಿ 7.65ಕ್ಕೂ .380ಕ್ಕೂ ಬಂದಿದೆ. ನಳಿಗೆ ಬದಲಾಗಿರುವ ಸಾಧ್ಯತೆ ಇರುವುದರಿಂದ ಸ್ಲೈಡಿನ ಮೇಲಿನ ಬರಹವನ್ನೊಂದೇ ನಂಬದೆ ನಳಿಗೆಯ ಗುರುತನ್ನೂ ನೋಡಿ. ಲೈಸೆನ್ಸ್ ಪುಸ್ತಕದಲ್ಲಿ ಬರೆದಿರುವ ಬೋರ್ ಇವೆರಡಕ್ಕೂ ತಾಳೆಯಾಗಬೇಕು.

ಎಣ್ಣೆಯೇ ಕಾಯಿಲೆಯಾದಾಗ

ಮನೆತನದಿಂದ ಬಂದ, ವರ್ಷಗಟ್ಟಲೆ ಬೀರುವಿನಲ್ಲಿದ್ದ ಪಿಸ್ತೂಲಿಗೆ ಏನೇ ದೋಷವಿದ್ದರೂ ಮೊದಲ ಚಿಕಿತ್ಸೆ ಶುಚಿ ಮಾಡುವುದು. ಹಳೆಯ ಗ್ರೀಸ್ ಒಣಗಿ ಕಂದು ಅಂಟಾಗಿ, ಫೈರಿಂಗ್ ಪಿನ್ ಓಡುವ ಕೊಳವೆಯಲ್ಲೂ ಖಾಲಿ ತೋಟೆಯನ್ನು ಎಳೆದು ತೆಗೆಯುವ ಕೊಕ್ಕೆಯಾದ ಎಕ್ಸ್‌ಟ್ರಾಕ್ಟರಿನ ಅಡಿಯಲ್ಲೂ ಕೂತಿರುತ್ತದೆ. ಇಷ್ಟು ಚಿಕ್ಕ ಪಿಸ್ತೂಲಿನ ಸ್ಪ್ರಿಂಗುಗಳಿಗೆ ಆ ಅಂಟನ್ನು ದೂಡುವ ಶಕ್ತಿ ಇರುವುದಿಲ್ಲ.

ನಮ್ಮ ಕಡೆ ಇನ್ನೊಂದು ರೂಢಿ ಇದೆ, ಕೋವಿಗೆ ಕೊಬ್ಬರಿ ಎಣ್ಣೆ ಸವರುವುದು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗೇ ಹೆಪ್ಪುಗಟ್ಟುತ್ತದೆ. ಮಂಗಳೂರಿನ ಸೆಖೆಯಲ್ಲಿ ಹರಿದಾಡುವ ಅದೇ ಎಣ್ಣೆ ಡಿಸೆಂಬರಿನ ಮಡಿಕೇರಿಯಲ್ಲಿ ಫೈರಿಂಗ್ ಪಿನ್ನಿನ ಸುತ್ತ ಮೇಣದಂತೆ ಗಟ್ಟಿಯಾಗುತ್ತದೆ. "ಬೇಸಿಗೆಯಲ್ಲಿ ಚೆನ್ನಾಗಿತ್ತು, ಚಳಿಗಾಲದಲ್ಲಿ ಗುಂಡು ಹಾರುತ್ತಿಲ್ಲ" ಎಂಬ ದೂರು ಬಂದರೆ ಸ್ಪ್ರಿಂಗ್ ಬದಲಿಸುವ ಮೊದಲು ಯಾವ ಎಣ್ಣೆ ಹಾಕಿದ್ದರೆಂದು ಕೇಳಬೇಕು. ಹೊಲಿಗೆ ಯಂತ್ರಕ್ಕೆ ಹಾಕುವ ತೆಳು ಎಣ್ಣೆ ಇದಕ್ಕೆ ಸಾಕು. ಸ್ಲೈಡ್ ಜಾರುವ ಗೀರುಗಳಿಗೆ ಆ ಕಡೆ ಒಂದು ಹನಿ, ಈ ಕಡೆ ಒಂದು ಹನಿ. ಫೈರಿಂಗ್ ಪಿನ್ನಿನ ಕೊಳವೆಗೆ ಎಣ್ಣೆ ಬಿಡಬೇಡಿ. ಎಣ್ಣೆ ಬಟ್ಟೆಯಿಂದ ಪಿನ್ನನ್ನು ಒಮ್ಮೆ ಒರೆಸಿದರೆ ಮುಗಿಯಿತು.

ಬಿಚ್ಚುವಾಗ ಗಮನದಲ್ಲಿರಬೇಕಾದದ್ದು ಹೀಗಿದೆ. 1906ರ ಮಾದರಿಯಲ್ಲಿ ನಳಿಗೆಯ ಕೆಳಗಿನ ಹಲ್ಲುಗಳು ಫ್ರೇಮಿನ (ಹಿಡಿಯೂ ಸೇರಿದ ಕೆಳಗಿನ ಚೌಕಟ್ಟು) ಸೀಳುಗಳಲ್ಲಿ ಕೂತಿರುತ್ತವೆ. ಸ್ಲೈಡನ್ನು ಒಂದಿಷ್ಟು ಹಿಂದಕ್ಕೆಳೆದು ನಳಿಗೆಯನ್ನು ತಿರುಗಿಸಿದರೆ ಹಲ್ಲು ಬಿಡುತ್ತದೆ, ಸ್ಲೈಡ್ ಮುಂದಕ್ಕೆ ಜಾರಿ ಬರುತ್ತದೆ. ಅದೇ ಹೊತ್ತಿಗೆ ಫೈರಿಂಗ್ ಪಿನ್ನಿನ ಸ್ಪ್ರಿಂಗ್ ಮತ್ತು ಅದರ ಕಡ್ಡಿ ಸ್ಲೈಡಿನ ಹಿಂಬದಿಯಿಂದ ಚಿಮ್ಮುತ್ತವೆ. ಕಣ್ಣಿಗೆ ಕನ್ನಡಕ ಹಾಕಿಕೊಂಡು, ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಕೈಯಿಟ್ಟು ಬಿಚ್ಚುವುದು ಸುರಕ್ಷಿತ. ಆ ಕಡ್ಡಿ ಮಂಚದಡಿ ಹೋದರೆ ಈ ದೇಶದಲ್ಲಿ ಇನ್ನೊಂದು ಸಿಗುವುದು ಕಷ್ಟ. ಫ್ರೇಮಿನೊಳಗಿನ ಸಿಯರ್ (ಬಿಗಿದ ಪಿನ್ನನ್ನು ಹಿಡಿದಿಡುವ ಕೊಂಡಿ), ಗ್ರಿಪ್ ಸೇಫ್ಟಿ (ಹಿಡಿಯನ್ನು ಒತ್ತಿ ಹಿಡಿದರಷ್ಟೇ ಹಾರಲು ಬಿಡುವ ತಡೆ), ಪಟ್ಟಿ ಸ್ಪ್ರಿಂಗುಗಳನ್ನು ಮುಟ್ಟಲೇಬೇಡಿ. ಶುಚಿಗೆ ಅಷ್ಟು ಒಳಗೆ ಹೋಗುವ ಅಗತ್ಯವಿಲ್ಲ.

ನಳಿಗೆ ಪೂರ್ತಿ ಕೈಗೆ ಬರುವುದರಿಂದ ಬ್ರಷ್ಷನ್ನು ಚೇಂಬರಿನ ಕಡೆಯಿಂದಲೇ ತೂರಿಸಿ. .22ರ ರಾಡು 6.35ರ ನಳಿಗೆಯಲ್ಲಿ ಸಲೀಸಾಗಿ ಓಡುತ್ತದೆ, ಬ್ರಷ್ ಮಾತ್ರ .25ರದ್ದೇ ಬೇಕು. ನಿಕಲ್ ಲೇಪವಿರುವ ಪಿಸ್ತೂಲಿಗೆ ಅಮೋನಿಯಾ ಇರುವ ದ್ರಾವಣ ತಾಗಿಸಬಾರದು, ಲೇಪ ಎದ್ದುಬರುತ್ತದೆ.

ತೋಟೆ ಚೇಂಬರಿಗೆ ಹೋಗದಿದ್ದರೆ

ದೂರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇವೇ ಇರುತ್ತವೆ, ಇವುಗಳಲ್ಲಿ ಹೆಚ್ಚಿನವಕ್ಕೆ ಮೂಲ ಮ್ಯಾಗಜಿನ್. ಎಷ್ಟನೆಯ ತೋಟೆ ಸಿಕ್ಕಿತು ಎಂಬ ಪ್ರಶ್ನೆ ಇಲ್ಲಿ ಕೆಲಸಕ್ಕೆ ಬರುತ್ತದೆ. ತುಂಬಿದ ಮ್ಯಾಗಜಿನ್ನಿನ ಮೊದಲನೆಯದೇ ಸಿಕ್ಕರೆ ಒಳಗೆ ಒತ್ತಡ ಹೆಚ್ಚಾಗಿದೆ, ಇಲ್ಲವೇ ಸ್ಲೈಡ್ ಬಿಗಿಯಾಗಿದೆ. ಒಂದು ತೋಟೆ ಕಡಿಮೆ ತುಂಬಿ ನೋಡಿ. ಕೊನೆಯ ಒಂದೆರಡು ಸಿಕ್ಕರೆ ಮ್ಯಾಗಜಿನ್ ಸ್ಪ್ರಿಂಗ್ ಸತ್ತಿದೆ. ತೋಟೆಯನ್ನು ಎತ್ತಿ ಹಿಡಿಯುವ ಹೊತ್ತಿಗೆ ಸ್ಲೈಡ್ ಮೇಲಿಂದ ಹಾದುಹೋಗಿರುತ್ತದೆ. ಸ್ಪ್ರಿಂಗನ್ನು ಕೈಯಿಂದ ಎಳೆದು ಉದ್ದ ಮಾಡುವ ಉಪಾಯ ನಾಲ್ಕು ಗುಂಡಿಗೂ ಬಾಳುವುದಿಲ್ಲ.

ಮೂತಿ ಕೆಳಗೆ ಚುಚ್ಚಿಕೊಂಡಿದ್ದರೆ ಮ್ಯಾಗಜಿನ್ ಪೂರ್ತಿ ಮೇಲೆ ಕೂತಿಲ್ಲ, ಅಥವಾ ಹಿಡಿಯ ಬುಡದಲ್ಲಿರುವ ಕೊಕ್ಕೆ ಸವೆದು ಮ್ಯಾಗಜಿನ್ ಕೂದಲೆಳೆಯಷ್ಟು ಜಾರಿದೆ. ಹಾರಿಸುವ ಮೊದಲು ಮ್ಯಾಗಜಿನ್ನಿನ ತಳವನ್ನು ಬೆರಳಿಂದ ಒತ್ತಿ ನೋಡಿ. ಅದು ಮೇಲಕ್ಕೆ ಚಲಿಸಿದರೆ ದೋಷ ಅಲ್ಲೇ ಇದೆ. ಮೂತಿ ಮೇಲಕ್ಕೆ ಎದ್ದು ನಳಿಗೆಯ ಮೇಲಂಚಿಗೆ ಬಡಿದಿದ್ದರೆ ಮ್ಯಾಗಜಿನ್ನಿನ ತುಟಿಗಳು ಅಗಲವಾಗಿ ತೋಟೆಯನ್ನು ಬೇಗ ಬಿಡುತ್ತಿವೆ. ಎರಡು ತುಟಿಗಳನ್ನೂ ಮುಂದಿನಿಂದ ಕಣ್ಣಿಟ್ಟು ನೋಡಿದರೆ ಒಂದು ಬಾಗಿರುವುದು ಗೊತ್ತಾಗುತ್ತದೆ. ಇಕ್ಕಳದಿಂದ ಬಗ್ಗಿಸುವ ಆಸೆ ಎಲ್ಲರಿಗೂ ಆಗುತ್ತದೆ. ನೂರು ವರ್ಷದ ಹದಗೊಳಿಸಿದ ಉಕ್ಕು ಒಮ್ಮೆ ಬಾಗುತ್ತದೆ, ಎರಡನೆಯ ಸಲ ಸೀಳುತ್ತದೆ.

ಈ ಎರಡು ಕ್ಯಾಲಿಬರಿಗೇ ಮೀಸಲಾದ ಒಂದು ತೊಂದರೆ ಇದೆ. ಎರಡರ ತೋಟೆಗೂ ಬುಡದ ಅಂಚು ಸ್ವಲ್ಪ ಹೊರಚಾಚಿದೆ. .25ರಲ್ಲಿ ಮೈ ಸುಮಾರು 7.1 ಮಿ.ಮೀ. ಇದ್ದರೆ ಅಂಚು 7.7 ಮಿ.ಮೀ., ಅಂದರೆ ಪ್ರತಿ ಬದಿಗೆ 0.3 ಮಿ.ಮೀ. ಹೆಚ್ಚು. ಮೇಲಿನ ತೋಟೆಯ ಅಂಚು ಕೆಳಗಿನದರ ಅಂಚಿಗಿಂತ ಮುಂದಿರಬೇಕು. ಹಿಂದೆ ಬಿದ್ದರೆ ಎರಡೂ ಕೊಕ್ಕೆ ಹಾಕಿಕೊಂಡು ಸ್ಲೈಡ್ ಎಷ್ಟು ನೂಕಿದರೂ ಕದಲುವುದಿಲ್ಲ. ಅಮೆರಿಕದಲ್ಲಿರುವವರಿಗೆ ಇದರ ಕಾಟ ಹೆಚ್ಚು. ಅಲ್ಲಿ ಸಿಗುವ ಟೊಳ್ಳು ಮೂತಿಯ ತೋಟೆಗಳು ಗಿಡ್ಡವಾಗಿರುವುದರಿಂದ ಮ್ಯಾಗಜಿನ್ನಿನಲ್ಲಿ ಹಿಂದೆ ಮುಂದೆ ಓಡಾಡಲು ಜಾಗ ಸಿಗುತ್ತದೆ, ಹಿಂದೂಡಿಕೆಗೆ ಅಂಚು ಜಾರುತ್ತದೆ. ದುಂಡು ಮೂತಿಯ, ಪೂರ್ತಿ ಲೋಹದ ಕವಚದ ತೋಟೆಗೆಂದೇ ಈ ಪಿಸ್ತೂಲುಗಳು ರೂಪುಗೊಂಡವು. ಗುಂಡಿನ ತೂಕ .25ಕ್ಕೆ 50 ಗ್ರೇನ್, .32ಕ್ಕೆ 71 ಗ್ರೇನ್. ಅದನ್ನೇ ಹಾಕಿದರೆ ಮುಕ್ಕಾಲು ತಕರಾರು ಅಲ್ಲಿಗೆ ನಿಲ್ಲುತ್ತದೆ. ಮ್ಯಾಗಜಿನ್ನಿನಿಂದ ಚೇಂಬರಿಗೆ ಹತ್ತುವ ಇಳಿಜಾರನ್ನು ಯಂತ್ರದಿಂದ ಉಜ್ಜಿ ಹೊಳೆಯಿಸುವ ಸಲಹೆ ಕೊಡುವವರಿದ್ದಾರೆ, ಕೇಳಬೇಡಿ. ಅಲ್ಲಿ ಲೋಹ ಹೋದರೆ ತೋಟೆಯ ಬುಡಕ್ಕೆ ಆಧಾರ ಹೋಗುತ್ತದೆ.

ಸ್ಲೈಡ್ ಒಂದೆರಡು ಮಿಲಿಮೀಟರ್ ಬಾಕಿ ಉಳಿಸಿ ನಿಂತರೆ

ಖಾಲಿ ಪಿಸ್ತೂಲಿನ ಬಾಯಿ ಮೇಲಕ್ಕೆ ಮಾಡಿ, ಸ್ಲೈಡನ್ನು 5 ಮಿ.ಮೀ. ಹಿಂದಕ್ಕೆಳೆದು ಮೆಲ್ಲಗೆ ಬಿಡಿ. ತಾನಾಗಿ ಪೂರ್ತಿ ಮುಚ್ಚಬೇಕು. ಬಾಯಿ ಕೆಳಗೆ ಮಾಡಿದಾಗ ಮಾತ್ರ ಮುಚ್ಚಿದರೆ ಕೆಲಸ ಮಾಡುತ್ತಿರುವುದು ಸ್ಲೈಡಿನ ತೂಕ, ಸ್ಪ್ರಿಂಗ್ ಅಲ್ಲ. ಶುಚಿ ಮಾಡಿದ ಮೇಲೂ ಹಾಗೇ ಇದ್ದರೆ ಸ್ಲೈಡನ್ನು ಮುಂದಕ್ಕೆ ತಳ್ಳುವ ರಿಕಾಯಿಲ್ ಸ್ಪ್ರಿಂಗ್ ಬದಲಿಸುವ ಕಾಲ ಬಂದಿದೆ. ಅಮೆರಿಕದಲ್ಲಿ ವುಲ್ಫ್ ಕಂಪನಿ ಕೋಲ್ಟ್ 1908ಕ್ಕೆ ಹೊಸ ಸ್ಪ್ರಿಂಗ್ ಮಾಡುತ್ತದೆ. ಐಬಾರ್ ನಕಲುಗಳಲ್ಲಿ ಭಾಗಗಳನ್ನು ಕೈಯಿಂದಲೇ ಅರ ಹಾಕಿ ಕೂರಿಸಿರುವುದರಿಂದ ಒಂದರದ್ದು ಇನ್ನೊಂದಕ್ಕೆ ಕೂರುತ್ತದೆಂಬ ಭರವಸೆ ಇಲ್ಲ. ವೆಬ್ಲಿ .32ರಲ್ಲಿ ಸುರುಳಿಯೇ ಇಲ್ಲ, ಬಲಗಡೆಯ ಹಿಡಿ ಹಲಗೆಯ ಅಡಿಯಲ್ಲಿ ವಿ ಆಕಾರದ ಪಟ್ಟಿ ಇದೆ. ಅದು ಸುರುಳಿಯಂತೆ ಸೋಲುತ್ತಾ ಬರುವುದಿಲ್ಲ, ಒಂದು ದಿನ ಮುರಿಯುತ್ತದೆ.

ಬಲವಾದ ಸ್ಪ್ರಿಂಗ್ ಹಾಕಿದರೆ ಒಳ್ಳೆಯದೆಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಈ ಪಿಸ್ತೂಲುಗಳಲ್ಲಿ ನಳಿಗೆಗೆ ಬೀಗವಿಲ್ಲ, ಸ್ಲೈಡಿನ ತೂಕ ಮತ್ತು ಸ್ಪ್ರಿಂಗ್ ಎರಡೇ ಹಿಂದೂಡಿಕೆಯನ್ನು ತಡೆಯುವುದು. ಸ್ಪ್ರಿಂಗ್ ಸತ್ತಿದ್ದರೆ ಸ್ಲೈಡ್ ಫ್ರೇಮಿಗೆ ಬಡಿದು ಬಿರುಕು ಬರುತ್ತದೆ. ಅತಿಯಾದರೆ ಸ್ಲೈಡ್ ಪೂರ್ತಿ ಹಿಂದೆ ಹೋಗದೆ ಖಾಲಿ ತೋಟೆ ಕಿಂಡಿಯಲ್ಲಿ ನೆಟ್ಟಗೆ ನಿಲ್ಲುತ್ತದೆ.

ಟ್ರಿಗರ್ ಒತ್ತಿದರೂ ಗುಂಡು ಹಾರದಿದ್ದರೆ

"ಟಿಕ್" ಎಂದು ಸದ್ದಾಗಿ ಹಾರದಿದ್ದರೆ ಬಾಯಿಯನ್ನು ಗುರಿಯತ್ತಲೇ ಹಿಡಿದು 30 ಸೆಕೆಂಡು ಕಾಯಬೇಕು. ಹಳೆಯ ತೋಟೆಗಳಲ್ಲಿ ಕೇಪು (ಬುಡದಲ್ಲಿದ್ದು ಪಿನ್ ಬಡಿದಾಗ ಕಿಡಿ ಹುಟ್ಟಿಸುವ ಭಾಗ) ತಡವಾಗಿ ಹತ್ತಿಕೊಳ್ಳುವುದುಂಟು. ಆಮೇಲೆ ತೋಟೆ ತೆಗೆದು ಕೇಪಿನ ಮೇಲಿನ ಗುಳಿ ನೋಡಿ. ಆಳವಾಗಿ ನಡುಮಧ್ಯದಲ್ಲಿದ್ದರೆ ಪಿಸ್ತೂಲು ತನ್ನ ಕೆಲಸ ಮಾಡಿದೆ, ತೋಟೆ ಕೆಟ್ಟಿದೆ. ನಡುವೆಯೇ ಇದ್ದು ಗುಳಿ ಆಳವಿಲ್ಲದಿದ್ದರೆ ಕೊಳವೆಯಲ್ಲಿ ಅಂಟು, ಸೋತ ಸ್ಪ್ರಿಂಗ್, ಇಲ್ಲವೇ ಪಿನ್ನಿನ ತುದಿ ಸವೆತ. ಈ ಕ್ರಮದಲ್ಲೇ ಪರೀಕ್ಷಿಸಿ. ಗುಳಿ ಒಂದು ಬದಿಗೆ ಸರಿದಿದ್ದರೆ ನಳಿಗೆಯ ಹಲ್ಲು ಸವೆದಿರಬಹುದು.

ಪಿನ್ನಿನ ತುದಿ ಚಕ್ಕೆ ಏಳಲು ದೊಡ್ಡ ಕಾರಣ ಖಾಲಿ ಪಿಸ್ತೂಲಿನ ಟ್ರಿಗರ್ ಒತ್ತಿ ಒತ್ತಿ ಆಡುವುದು. ತಡೆಯಲು ಕೇಪಿನ ಮೆತ್ತೆ ಇಲ್ಲದೆ ಪಿನ್ ಲೋಹಕ್ಕೇ ಬಡಿಯುತ್ತದೆ. ಸ್ನ್ಯಾಪ್ ಕ್ಯಾಪ್ ಎಂಬ ಡಮ್ಮಿ ತೋಟೆಯನ್ನು ಕೊಂಡಿಟ್ಟುಕೊಳ್ಳಿ. ಒಳಗಿಡುವಾಗ ಅದನ್ನು ಚೇಂಬರಿಗೆ ಹಾಕಿ ಟ್ರಿಗರ್ ಒತ್ತಿಟ್ಟರೆ ಪಿನ್ನಿನ ಸ್ಪ್ರಿಂಗಿಗೂ ವಿಶ್ರಾಂತಿ. ವರ್ಷಾನುಗಟ್ಟಲೆ ಬಿಗಿದುಕೊಂಡೇ ಇದ್ದ ಸ್ಪ್ರಿಂಗ್ ಮುಂದೊಂದು ದಿನ ಆಳವಿಲ್ಲದ ಗುಳಿಯಾಗಿ ಸೇಡು ತೀರಿಸಿಕೊಳ್ಳುತ್ತದೆ.

ಸದ್ದೇ ಇಲ್ಲದೆ ಟ್ರಿಗರ್ ಸತ್ತಂತಿದ್ದರೆ ಗಾಬರಿ ಬೇಡ. ಹೆಬ್ಬೆರಳ ಸೇಫ್ಟಿ ಅರ್ಧಕ್ಕೆ ನಿಂತಿರಬಹುದು. ಹಿಡಿಯ ಬೆನ್ನಿನ ಗ್ರಿಪ್ ಸೇಫ್ಟಿ ಪೂರ್ತಿ ಒತ್ತಿರಲಾರದು; ಪಿಸ್ತೂಲು ಚಿಕ್ಕದು, ಕೈ ದೊಡ್ಡದಿದ್ದರೆ ಅಂಗೈ ಅಲ್ಲಿಗೆ ಮುಟ್ಟುವುದೇ ಇಲ್ಲ. 1916ರ ನಂತರದ ಕೋಲ್ಟ್ ಆಗಿದ್ದರೆ ಮ್ಯಾಗಜಿನ್ ಇಲ್ಲದೆ ಟ್ರಿಗರ್ ಕೆಲಸ ಮಾಡದಿರುವುದೇ ಸರಿ, ಅದನ್ನು ದೋಷವೆಂದು ರಿಪೇರಿಗೆ ಹೊತ್ತೊಯ್ಯುವವರೂ ಇದ್ದಾರೆ.

ಸದ್ದು ಎಂದಿಗಿಂತ ಮಂಕಾಗಿ, ಕೈಗೆ ಹಿಂದೂಡಿಕೆಯೇ ತಿಳಿಯದಿದ್ದರೆ ಅಲ್ಲಿಗೆ ನಿಲ್ಲಿಸಿ. ಮದ್ದು ಸರಿಯಾಗಿ ಉರಿಯದೆ ಗುಂಡು ನಳಿಗೆಯ ಮಧ್ಯೆಯೇ ಉಳಿದಿರುವ ಸಾಧ್ಯತೆ ಇದೆ. ಪಿಸ್ತೂಲು ಖಾಲಿ ಮಾಡಿ, ನಳಿಗೆ ಬಿಚ್ಚಿ, ಆಚೆಯಿಂದ ಬೆಳಕು ಕಾಣುತ್ತದೆಯೇ ನೋಡದೆ ಇನ್ನೊಂದು ಗುಂಡು ಹಾರಿಸಬಾರದು. ನಳಿಗೆಯೊಳಗೆ ಉಂಗುರದಂತೆ ಉಬ್ಬಿದ ಗುರುತು ಕಂಡರೆ ಹಿಂದೆ ಯಾರೋ ಅದನ್ನೇ ಮಾಡಿದ್ದಾರೆ.

ಖಾಲಿ ತೋಟೆ ಹೊರಬೀಳದಿದ್ದರೆ

ಬಿದ್ದ ಖಾಲಿ ತೋಟೆಯ ಅಂಚನ್ನು ಭೂತಕನ್ನಡಿಯಲ್ಲಿ ನೋಡಿ. ಅಂಚು ಹರಿದಿದ್ದರೆ ಎಕ್ಸ್‌ಟ್ರಾಕ್ಟರ್ ಗಟ್ಟಿಯಾಗಿಯೇ ಎಳೆದಿದೆ, ಚೇಂಬರು ಬಿಟ್ಟುಕೊಟ್ಟಿಲ್ಲ. ಹಳೆಯ ಕಾಲದ ತುಕ್ಕು ತರಿಸುವ ಕೇಪುಗಳು ಚೇಂಬರಿನಲ್ಲಿ ಗುಳಿ ಬೀಳಿಸಿರುತ್ತವೆ, ಉರಿದ ಹಿತ್ತಾಳೆ ಹಿಗ್ಗಿ ಆ ಗುಳಿಗಳಲ್ಲಿ ಹಿಡಿದುಕೊಳ್ಳುತ್ತದೆ. ಅಂಚಿನ ಮೇಲೆ ಗೀರೇ ಇಲ್ಲದಿದ್ದರೆ ಎಕ್ಸ್‌ಟ್ರಾಕ್ಟರ್ ಜಾರುತ್ತಿದೆ. ಸ್ಲೈಡ್ ಬಿಚ್ಚಿದಾಗ ಸ್ನ್ಯಾಪ್ ಕ್ಯಾಪ್ ಒಂದನ್ನು ಅದರ ಉಗುರಿನಡಿ ಸೇರಿಸಿ ಮೆಲ್ಲಗೆ ಅಲ್ಲಾಡಿಸಿ. ಬೀಳದೆ ನಿಂತರೆ ಎಕ್ಸ್‌ಟ್ರಾಕ್ಟರ್ ಆರೋಗ್ಯವಾಗಿದೆ. ಬಿದ್ದರೆ ಉಗುರಿನಡಿಯ ಮಸಿ ತೆಗೆದು ಇನ್ನೊಮ್ಮೆ ನೋಡಿ, ಆಮೇಲೆ ಸ್ಪ್ರಿಂಗಿನ ಮಾತು.

ಈ ವರ್ಗದ ಕೆಲವು ಪಿಸ್ತೂಲುಗಳಲ್ಲಿ ಪ್ರತ್ಯೇಕ ಎಜೆಕ್ಟರ್ ಇಲ್ಲ, ಫೈರಿಂಗ್ ಪಿನ್ನಿನ ತುದಿಯೇ ಖಾಲಿ ತೋಟೆಯನ್ನು ದೂಡುತ್ತದೆ. ಅಂಥದ್ದರಲ್ಲಿ ಆಳವಿಲ್ಲದ ಗುಳಿ ಮತ್ತು ಹೊರಬೀಳದ ತೋಟೆ ಒಟ್ಟಿಗೇ ಕಾಣಿಸಿಕೊಂಡರೆ ಎರಡಕ್ಕೂ ಒಂದೇ ಕಾರಣ, ಪಿನ್ನಿನ ತುದಿ ಮುರಿದಿದೆ.

ಮುಟ್ಟದೆ ಕೊಟ್ಟುಬಿಡಬೇಕಾದವು

ಸ್ನ್ಯಾಪ್ ಕ್ಯಾಪ್ ಹಾಕಿ ನಾಲ್ಕು ಪರೀಕ್ಷೆ ಮಾಡಿ. ಸೇಫ್ಟಿ ಹಾಕಿ ಟ್ರಿಗರ್ ಒತ್ತಿ ಬಿಟ್ಟು, ಆಮೇಲೆ ಸೇಫ್ಟಿ ತೆಗೆದಾಗ ಪಿನ್ ತಾನಾಗಿ ಬೀಳಬಾರದು. ಗ್ರಿಪ್ ಸೇಫ್ಟಿ ಒತ್ತದೆ ಟ್ರಿಗರ್ ಎಳೆದರೆ ಬೀಳಬಾರದು. ಸ್ಲೈಡನ್ನು ಪೂರ್ತಿ ಎಳೆದು ರಭಸದಿಂದ ಬಿಟ್ಟಾಗ, ಐದು ಸಲವೂ, ಬೀಳಬಾರದು. ಬಿಗಿದ ಸ್ಥಿತಿಯಲ್ಲಿ ಹಿಡಿಯನ್ನು ಅಂಗೈಯಿಂದ ತಟ್ಟಿದರೂ ಬೀಳಬಾರದು. ಒಂದರಲ್ಲಿ ಸೋತರೂ ಸಿಯರ್ ಅಥವಾ ಸೇಫ್ಟಿಯ ಭಾಗ ಸವೆದಿದೆ. ಅರದಿಂದ ಉಜ್ಜಿ ಸರಿಮಾಡುವ ಭಾಗ ಇದಲ್ಲ, ಮೇಲಿನ ಗಟ್ಟಿ ಪದರ ಹೋದರೆ ಇನ್ನೂ ಬೇಗ ಸವೆಯುತ್ತದೆ. ಇಂಥ ಪಿಸ್ತೂಲು ಒಂದು ಒತ್ತಿಗೆ ಎರಡು ಗುಂಡು ಹಾರಿಸುವ ಅಪಾಯವಿದೆ. ಆಗ ಕೈಗೆ ಮಾತ್ರವಲ್ಲ, 1959ರ ಆಯುಧ ಕಾಯ್ದೆಯ ಪ್ರಕಾರವೂ ಕುತ್ತು, ಏಕೆಂದರೆ ಟ್ರಿಗರ್ ಒತ್ತಿರುವಷ್ಟು ಹೊತ್ತು ಹಾರುತ್ತಲೇ ಇರುವಂತೆ ಮಾರ್ಪಟ್ಟ ಆಯುಧ ನಿಷೇಧಿತ ಪಟ್ಟಿಗೆ ಸೇರುತ್ತದೆ. ಸಿಯರ್ ಸರಿಯಿದ್ದರೂ ಚೇಂಬರಿನಲ್ಲಿ ತೋಟೆ ಇಟ್ಟುಕೊಂಡು ಜೇಬಿಗೆ ಹಾಕಬೇಡಿ. ಬಿದ್ದಾಗ ಪಿನ್ನನ್ನು ತಡೆಯುವ ಬೇರೆ ಅಡ್ಡಿ ಇವುಗಳಲ್ಲಿ ಇಲ್ಲ.

ಬಿರುಕಿನ ಅನುಮಾನವಿದ್ದರೆ ಹಳೆಯ ಉಪಾಯವೇ ಸಾಕು. ಖಾಲಿ ಸ್ಲೈಡನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿ ಉದುರಿಸಿ. ಬಿರುಕಿದ್ದರೆ ಒಳಗಿನ ಎಣ್ಣೆ ಜಿನುಗಿ ಪುಡಿಯ ಮೇಲೆ ಕಪ್ಪು ಗೆರೆಯಾಗಿ ಮೂಡುತ್ತದೆ. ಗೆರೆ ಕಂಡ ಪಿಸ್ತೂಲಿಗೆ ರಿಪೇರಿ ಇಲ್ಲ.

ಭಾರತದಲ್ಲಿ ಆಯುಧ ರಿಪೇರಿಗೆ ಪ್ರತ್ಯೇಕ ಲೈಸೆನ್ಸ್ ಬೇಕು. ಶುಚಿಯನ್ನು ದಾಟಿದ ಕೆಲಸವೇನಿದ್ದರೂ ಲೈಸೆನ್ಸ್ ಇರುವ ಗನ್ ಹೌಸ್‌ಗೆ, ರಸೀದಿ ಪಡೆದೇ ಕೊಡಿ. ಮಾಲೀಕರು ತೀರಿಕೊಂಡು ಪಿಸ್ತೂಲು ಮನೆಯಲ್ಲಿ ಉಳಿದಿದ್ದರೆ ದೋಷ ಹುಡುಕುತ್ತಾ ಕೂರಬಾರದು. ಮೊದಲು ಪೊಲೀಸ್ ಠಾಣೆಯಲ್ಲೋ ಲೈಸೆನ್ಸ್ ಇರುವ ಡೀಲರ್ ಬಳಿಯೋ ಠೇವಣಿ ಇಡಬೇಕು.

ಮಳೆಗಾಲ ಮತ್ತು ಹಿಡಿ ಹಲಗೆ

ಚರ್ಮದ ಚೀಲದಲ್ಲೇ ಪಿಸ್ತೂಲು ಇಡುವವರಿಗೆ ಮಲೆನಾಡಿನ ಜೂನ್ ಒಂದೇ ಸಾಕು. ಚರ್ಮ ತೇವ ಹಿಡಿಯುತ್ತದೆ, ಹದ ಮಾಡಿದ ರಾಸಾಯನಿಕವೂ ಸೇರಿ ಸ್ಲೈಡಿನ ಮೇಲೆ ಚೀಲದ ಹೊಲಿಗೆಯ ಗುರುತೇ ತುಕ್ಕಾಗಿ ಮೂಡುತ್ತದೆ. ಎಣ್ಣೆ ಬಟ್ಟೆಯಲ್ಲಿ ಸುತ್ತಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬಿಯಲ್ಲಿಟ್ಟು, ಆ ಡಬ್ಬಿಯನ್ನು ಬೀಗದೊಳಗಿಡಿ. ಕಪ್ಪು ಗಟ್ಟಿ ರಬ್ಬರಿನ ಹಿಡಿ ಹಲಗೆಗಳು ವಯಸ್ಸಿಗೆ ಗಾಜಿನಷ್ಟು ಪೆಡಸಾಗಿರುತ್ತವೆ. ಸ್ಕ್ರೂವಿನ ಸೀಳಿಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ಇಲ್ಲದಿದ್ದರೆ ಅವನ್ನು ಬಿಚ್ಚದಿರುವುದೇ ಲೇಸು.

ಸರಿಯಾದ ಮೇಲೆ ಹಾರಿಸಿ ನೋಡುವ ಕ್ರಮ

ಅಧಿಕೃತ ಶೂಟಿಂಗ್ ರೇಂಜಿನಲ್ಲೇ, ಕಣ್ಣಿಗೆ ಕಿವಿಗೆ ರಕ್ಷಣೆಯೊಂದಿಗೆ. ಹೊಸ ತೋಟೆ ಬಳಸಿ. 7.65ಕ್ಕಾದರೆ ಯುರೋಪಿನ ತೋಟೆಗಳು ಅಮೆರಿಕದವಕ್ಕಿಂತ ಸಾಮಾನ್ಯವಾಗಿ ಬಿರುಸು ಎಂಬುದು ನೆನಪಿರಲಿ. ಹಳೆಯ ಸ್ಲೈಡಿಗೆ ಮೆದುವಾದದ್ದೇ ಲೇಸು.

ಮೊದಲು ಮ್ಯಾಗಜಿನ್ನಿನಲ್ಲಿ ಒಂದೇ ತೋಟೆ. ಹೊರಬೀಳುವುದು ಸರಿಯಿದೆಯೇ ಇದರಲ್ಲಿ ತಿಳಿಯುತ್ತದೆ. ಆಮೇಲೆ ಎರಡು, ಮುಂದಿನದನ್ನು ಎತ್ತಿಕೊಳ್ಳುವುದು ತಿಳಿಯುತ್ತದೆ, ಎರಡೂ ಒಂದೇ ಒತ್ತಿಗೆ ಹಾರಿದರೂ ಅಲ್ಲಿಗೇ ಮುಗಿಯುತ್ತದೆ. ಅದಾದ ಮೇಲೆ ಪೂರ್ತಿ ತುಂಬಿ. ಮ್ಯಾಗಜಿನ್ ಎರಡಿದ್ದರೆ ಬುಡಕ್ಕೆ ಟೇಪು ಅಂಟಿಸಿ 1, 2 ಎಂದು ಬರೆದುಕೊಳ್ಳಿ, ಯಾವುದರಲ್ಲಿ ಎಷ್ಟನೆಯ ತೋಟೆ ಸಿಕ್ಕಿತೆಂದು ಚೀಟಿಯಲ್ಲಿ ಗುರುತು ಹಾಕಿ. ತೊಂದರೆ ಒಂದೇ ಮ್ಯಾಗಜಿನ್ನಿನಲ್ಲಿ ಮರುಕಳಿಸುತ್ತಿದ್ದರೆ ಪಿಸ್ತೂಲು ಬಿಚ್ಚಬೇಡಿ, ಆ ಮ್ಯಾಗಜಿನ್ನನ್ನು ಪಕ್ಕಕ್ಕಿಡಿ.